ಅವನ ಕಲ್ಲಿಗೆ ನಾನು ಕೈ ಹಚ್ಚಿದ ಭಾನುವಾರ

ಕಲ್ಲು ಹತ್ತುವುದರಲ್ಲಿ ನನ್ನನ್ನು ಮೀರಿಸುವವರು ಬಾದಾಮಿಯಿಂದ ಹೈದರಾಬಾದಿನವರೆಗೆ ಯಾರೂ ಇರಲಿಲ್ಲ. ಇದು ಬಡಾಯಿ ಅಲ್ಲ. ಬೇರೆಯವರು ಹೇಳಬೇಕಾಗಿದ್ದ ಮಾತು. ಅವರು ಮರೆತಿದ್ದಾರೆ, ನಾನು ನೆನಪಿಸುತ್ತಿದ್ದೇನೆ ಅಷ್ಟೆ.

ಹೊಟ್ಟೆಪಾಡಿನ ಕೆಲಸವೂ ಹತ್ತುವ ಇಳಿಯುವ ಕೆಲಸವೇ ಆಗಿತ್ತು. ಬೆಂಗಳೂರು, ಪುಣೆ, ಹೈದರಾಬಾದು ಎಲ್ಲ ಕಡೆ ಆಗ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಎದ್ದ ಗಾಜನ್ನು ಯಾರಾದರೂ ಒರೆಸಬೇಕಲ್ಲ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೆ ಬಕೆಟ್ ಸಿಕ್ಕಿಸಿಕೊಂಡು, ಒಂದೊಂದೇ ಮಹಡಿ ಇಳಿಯುತ್ತಾ ಗಾಜು ತಿಕ್ಕುತ್ತಿದ್ದೆ. ಒಳಗೆ ಟೈ ಕಟ್ಟಿಕೊಂಡವರು ಉದ್ದ ಮೇಜಿನ ಸುತ್ತ ಕೂತು ಗಂಭೀರವಾಗಿ ಚರ್ಚೆ ಮಾಡುವಾಗ, ಕಿಟಕಿಯ ಹೊರಗೆ ತಲೆಕೆಳಗಾಗಿ ಕಾಣಿಸಿಕೊಂಡು ಎರಡೂ ಕೈ ಮುಗಿಯುತ್ತಿದ್ದೆ. ಒಬ್ಬ ಮ್ಯಾನೇಜರು ಕಾಫಿ ಕಪ್ಪನ್ನೇ ಕೈಬಿಟ್ಟ. ಅವತ್ತಿನ ಕೆಲಸ ಹೋಯಿತು. ಆದರೆ ಅವನ ಮುಖ ನೆನಪಾದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ, ಮನೆಯವರು ಬಂದು ಹಣೆ ಮುಟ್ಟಿ ನೋಡುತ್ತಾರೆ.

ಕೆಲಸ ಮುಗಿದ ಊರಿನಲ್ಲಿ ಹಳೆಯ ಗೆಳೆಯರ ಮನೆ ಹುಡುಕಿಕೊಂಡು ಹೋಗಿ ಉಳಿಯುವುದು, ಅವರನ್ನು ಎಬ್ಬಿಸಿಕೊಂಡು ಕಲ್ಲು ಹತ್ತಲು ಹೋಗುವುದು, ಇದೇ ನನ್ನ ಬದುಕು. ಸಾಮಾನು ಅಂದರೆ ಒಂದು ಚೀಲ ಬಟ್ಟೆ, ಒಂದು ಜೊತೆ ರಬ್ಬರ್ ಬೂಟು, ಬೆವರು ಹೀರಲು ಬೆರಳಿಗೆ ಹಚ್ಚುವ ಬಿಳಿ ಪುಡಿ, ಮತ್ತು ಒಂದು ದಪ್ಪ ಗಾದಿ. ಹಗ್ಗವಿಲ್ಲದೆ ಗುಂಡುಕಲ್ಲು ಹತ್ತುವವರು ಬೀಳುವುದು ಈ ಗಾದಿಯ ಮೇಲೆ. ಅದನ್ನು ಬಾಗಲಕೋಟೆಯ ಗಾದಿ ಹೊಲಿಯುವವನ ಹತ್ತಿರ ಕೂತು, ಮೇಲೆ ರೆಕ್ಸಿನ್ ಹಾಕಿಸಿ, ಬೆನ್ನಿಗೆ ಏರಿಸಿಕೊಳ್ಳಲು ಪಟ್ಟಿ ಹಚ್ಚಿಸಿಕೊಂಡಿದ್ದೆ. ಮೊದಲ ಸಲ ಅದನ್ನು ಹೊತ್ತುಕೊಂಡು ಹೈದರಾಬಾದಿನ ಬಾಲಾನಗರದಲ್ಲಿದ್ದ ಗೆಳೆಯನ ಓಣಿಗೆ ಹೋದಾಗ ಹೆಂಗಸರು ನನ್ನನ್ನು ಗಾದಿ ಮಾರುವವನೆಂದು ತಿಳಿದು ತೆಲುಗಿನಲ್ಲಿ ಚೌಕಾಸಿಗೆ ನಿಂತರು. ನಾನೂ ಬೇಡ ಅನ್ನಲಿಲ್ಲ. ಒಬ್ಬರ ಮಗಳ ಮದುವೆಗೆ ಜೋಡಿ ಗಾದಿಯ ಅಳತೆಯನ್ನೂ ತೆಗೆದುಕೊಂಡೆ. ಆಮೇಲೆ ಅವರೆಲ್ಲ ಗೆಳೆಯನ ಬಾಗಿಲಿಗೆ ಬಂದು ಕೇಳತೊಡಗಿದಾಗ ನಾನು ಪುಣೆಯಲ್ಲಿದ್ದೆ.

ಈ ಗೆಳೆಯನೂ ನಾನೂ ಹರೆಯದಲ್ಲಿ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ ಕಲಿತವರು. ಅವನು ರಾಯಚೂರು ಕಡೆಯವನು. ನಾನು ಕಲಿಯುವುದನ್ನು ಅರ್ಧಕ್ಕೆ ಬಿಟ್ಟು ಹಗ್ಗ ಹಿಡಿದೆ. ಅವನು ಕಬ್ಬಿಣ ಕಡೆಯುವ ಲೇತ್ ಮಶೀನಿನ ಮುಂದೆ ನಿಂತವನು ಅಲ್ಲೇ ನಿಂತ. ಕೂದಲೆಳೆಯಷ್ಟು ತಪ್ಪಿದರೂ ತುಂಡನ್ನು ಪಕ್ಕಕ್ಕೆ ಎಸೆದು ಮತ್ತೆ ಶುರು ಮಾಡುವ ಮನುಷ್ಯ. ಕಲ್ಲನ್ನೂ ಹಾಗೇ ಹತ್ತುತ್ತಿದ್ದ.

ಅವನ ಹೆಂಡತಿಯನ್ನು ನಾನು, ನಮ್ಮ ಕಡೆ ಅತ್ತಿಗೆಗೆ ಅನ್ನುವಂತೆ, ವೈನಿ ಎನ್ನುತ್ತಿದ್ದೆ. ಬೀದರದ ಹೆಣ್ಣುಮಗಳು, ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ನನ್ನನ್ನು ಕಂಡಕೂಡಲೇ ಬಾಗಿಲಲ್ಲೇ ಶುರು.

“ಬಂದ್ರೇನ್ರಿ ಗಾದಿ ಸಾವ್ಕಾರ್ರು? ಈ ಸಲ ಎಷ್ಟು ಸುಳ್ಳು ತಂದೀರಿ?”

“ಚೀಲ ತುಂಬ ತಂದೀನಿ ವೈನಿ. ಖರ್ಚಾಗೋತನಕ ಹೋಗಂಗಿಲ್ಲ.”

ಭಾನುವಾರ ಮೂವರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹಿಡಿದು ಊರಾಚೆಯ ಗಚ್ಚಿಬೌಲಿಗೆ ಹೋಗುತ್ತಿದ್ದೆವು. ಆಗ ಅಲ್ಲಿ ಇಳಿಯುವವರು ನಾವು ಮತ್ತು ಕುರಿ ಕಾಯುವವರು, ಅಷ್ಟೆ. ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಸೀತಾಫಲದ ಗಿಡಗಳು, ಬಂಡೆಯ ಸಂದಿನಲ್ಲಿ ನಿಂತ ಮಳೆನೀರು. ಯಾವ ಗುಂಡಿನ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆಂದು ನನಗೆ ಬಾಯಿಪಾಠವಿತ್ತು.

ನಮ್ಮಲ್ಲೊಂದು ರೂಢಿ. ಒಂದು ಕಲ್ಲನ್ನು ಯಾರು ಮೊದಲು ಗುರುತಿಸಿ, ಮುಳ್ಳು ಕಡಿದು, ಹತ್ತಲು ಶುರು ಮಾಡುತ್ತಾರೋ ಅದು ಅವರ ಕಲ್ಲು. ಅವರು ತುದಿ ಮುಟ್ಟುವ ತನಕ, ಇಲ್ಲವೇ ತಾವಾಗಿ ಬಿಟ್ಟುಕೊಡುವ ತನಕ, ಬೇರೆ ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ. ತುದಿ ಮುಟ್ಟಿದ ಮೊದಲಿಗನಿಗೆ ಹೆಸರಿಡುವ ಹಕ್ಕು. ನಾನು ಹೆಸರಿಟ್ಟ ಕಲ್ಲುಗಳು ಲೆಕ್ಕವಿಲ್ಲದಷ್ಟು. ಒಂದಕ್ಕೆ ‘ವೈನಿಯ ಉಪ್ಪಿಟ್ಟು’ ಅಂತ ಇಟ್ಟೆ, ಅಷ್ಟು ಒರಟಾಗಿತ್ತು. ಆ ವಾರ ನನಗೆ ನಾಷ್ಟಾ ಸಿಗಲಿಲ್ಲ.

ಗೆಳೆಯನದು ಒಂದೇ ಕಲ್ಲು. ಮದುವೆಯಾದ ವರ್ಷ ಹಿಡಿದದ್ದು. ಎರಡಾಳೆತ್ತರ, ನಡುವೆ ಹೊಟ್ಟೆ ಮುಂದೆ ಬಂದಂತೆ ಒಂದು ಉಬ್ಬು. ಉಬ್ಬಿನ ತನಕ ಯಾರಾದರೂ ಹೋಗಬಹುದು. ಅದನ್ನು ದಾಟಲು ಬೆರಳ ತುದಿ ಮಾತ್ರ ಕೂರುವ ಒಂದು ಗೆರೆಯನ್ನು ಹಿಡಿದು ಮೈಯನ್ನೆಲ್ಲ ಮೇಲೆ ಎಳೆದುಕೊಳ್ಳಬೇಕು. ವರ್ಷವರ್ಷವೂ ಅವನು ಬೀಳುತ್ತಿದ್ದುದು ಅಲ್ಲೇ. ವೈನಿ ಕೆಳಗೆ ಎರಡೂ ಕೈ ಎತ್ತಿ, ಬೀಳುವವನ ಬೆನ್ನನ್ನು ಗಾದಿಯ ಕಡೆ ತಿರುಗಿಸಲು ನಿಂತಿರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಸೀತಾಫಲದ ಬೀಜ ಉಗುಳುತ್ತಿದ್ದೆ.

“ಬಿಟ್ಟುಕೊಡು ದೋಸ್ತ. ಒಂದು ಕೈಯಾಗ ಹಣ್ಣು ಹಿಡಕೊಂಡು ಇನ್ನೊಂದು ಕೈಲೆ ಹತ್ತಿ ತೋರಸ್ತೀನಿ.”

“ನಾ ಸತ್ತ ಮ್ಯಾಲೆ ಹತ್ತು ಮಗನ.”

“ಅಷ್ಟೊತ್ತನಕ ಹಣ್ಣಿನ ಸೀಜನ್ ಮುಗಿತೈತಲೋ.”

ನಾನು ಹಾಗಂದರೂ ಆ ಕಲ್ಲಿಗೆ ಒಂದು ದಿನವೂ ಕೈ ಹಚ್ಚಲಿಲ್ಲ. ಬೇರೆ ಎಲ್ಲದರಲ್ಲಿ ಆಟ ಆಡಿದ್ದೇನೆ. ಒಮ್ಮೆ ಬಿದ್ದು ಕಾಲು ಮುರಿಯಿತೆಂದು ಚೀರಿ, ಅವನು ನನ್ನನ್ನು ಬೆನ್ನ ಮೇಲೆ ಹೊತ್ತು ಡಾಂಬರು ರಸ್ತೆಯ ತನಕ ತಂದ ಮೇಲೆ ಇಳಿದು ಓಡಿಹೋಗಿ ಬಸ್ಸು ಹತ್ತಿದ್ದೇನೆ. ರೂಢಿಯ ವಿಷಯದಲ್ಲಿ ಮಾತ್ರ ಆಟವಿಲ್ಲ.

ನೋಡನೋಡುತ್ತ ಗಚ್ಚಿಬೌಲಿ ಬದಲಾಯಿತು. ಪ್ರತಿ ಸಲ ಬಂದಾಗ ಒಂದಷ್ಟು ಗುಂಡುಗಳು ಇರುತ್ತಿರಲಿಲ್ಲ, ಅಷ್ಟೇ ಗಾಜು ಎದ್ದಿರುತ್ತಿತ್ತು. ಕುರಿಗಳು ಅಡ್ಡ ಬರುತ್ತಿದ್ದ ಕಡೆ ಕ್ಯಾಬುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ‘ವೈನಿಯ ಉಪ್ಪಿಟ್ಟು’ ಇದ್ದ ಜಾಗದ ಕಟ್ಟಡದ ಗಾಜನ್ನು ನಾನೇ ತಿಕ್ಕಿದ್ದೇನೆ. ಅದನ್ನು ವೈನಿಗೆ ಹೇಳಿದಾಗ ಅವರು ನಗಲಿಲ್ಲ.

ಒಂದು ಶನಿವಾರ ನಾನು ಹೋದಾಗ ಅವರು ಬಾಗಿಲಲ್ಲಿ ಏನೂ ಚುಚ್ಚದೆ ಒಳಗೆ ಕರೆದರು. ಗೆಳೆಯ ಬಲಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ. ಭುಜ ಹಿಡಿದುಕೊಂಡು ವರ್ಷವಾಗಿತ್ತು, ಕೈ ತಲೆಯ ಮೇಲೆ ಪೂರ್ತಿ ಏಳುತ್ತಿರಲಿಲ್ಲ.

“ಸೋಮವಾರ ನನ್ನ ಕಲ್ಲು ಒಡಿಯಾಕ ಮದ್ದು ಇಡ್ತಾರಂತ. ಅಪಾರ್ಟ್‌ಮೆಂಟ್ ಬರ್ತೈತಿ,” ಅಂದ. “ಬಿಟ್ಟುಕೊಟ್ಟೀನಿ. ನಾಳೆ ನೀ ಹತ್ತು.”

ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

“ಒಂದು ಕೈಲೆ ಹತ್ತತೀನಿ ಅಂತ ಇಷ್ಟು ವರ್ಷ ಹೇಳೀದಿ. ಅದು ಅಷ್ಟು ಹಗುರ ಇದ್ರ ನಾ ಇಷ್ಟು ವರ್ಷ ಏನ್ ಮಾಡಿದೆ? ಭಾನುವಾರ ಅಂದ್ರ ಕಲ್ಲು, ಕಲ್ಲು ಅಂದ್ರ ಭಾನುವಾರ. ಇಕೀನೂ ಬಿಸಿಲಾಗ ನಿಲ್ಲಿಸಿದೆ. ಅದು ಖರೇನ ಕಠಿಣ ಐತೋ, ನಾನೇ ದಡ್ಡನೋ, ನನಗ ಗೊತ್ತಾಗಬೇಕು. ಕಲ್ಲು ಹೋದ ಮ್ಯಾಲೆ ಯಾರನ್ನ ಕೇಳ್ಲಿ?”

ಭಾನುವಾರ ಹೋದೆವು. ತಗಡಿನ ಬೇಲಿಯ ಒಳಗೆ ಕಲ್ಲು ಒಡೆಯುವವರ ಜೋಪಡಿಗಳಿದ್ದವು, ಯಾದಗಿರಿ ಕಡೆಯವರು. ನಮ್ಮ ಕನ್ನಡ ಕೇಳಿ ಮೇಸ್ತ್ರಿ ಒಳಗೆ ಬಿಟ್ಟ. ಅವತ್ತು ಕೆಲಸಕ್ಕೆ ರಜೆ, ಅವರೆಲ್ಲ ನಮ್ಮನ್ನು ನೋಡಲು ಸುತ್ತ ಕೂತರು. ನನಗೆ ಜನ ಸೇರಿದರೆ ಹುರುಪು. ಬೂಟಿನ ದಾರ ಬಿಗಿದು, ಕೈಗೆ ಪುಡಿ ಹಚ್ಚಿ, ಎಲ್ಲರಿಗೂ ಒಂದು ಸಲಾಮು ಹೊಡೆದು ಹತ್ತಿದೆ.

ಉಬ್ಬಿನ ತನಕ ಸರಸರನೆ ಹೋದೆ. ಗೆರೆಗೆ ಬೆರಳು ಹಾಕಿದೆ. ಮರುಕ್ಷಣ ಗಾದಿಯ ಮೇಲೆ ಅಂಗಾತ ಬಿದ್ದಿದ್ದೆ.

“ಚಾ ಕುಡದಿದ್ದಿಲ್ಲ,” ಅಂದೆ. ಜನ ನಕ್ಕರು. ಮತ್ತೆ ಹತ್ತಿದೆ. ಮತ್ತೆ ಅಲ್ಲೇ ಬಿದ್ದೆ. ಬಿಸಿಲು ಕಣ್ಣಿಗೆ ಹೊಡೆಯಿತು ಅಂದೆ. ಮುಂದಿನ ಸಲ ನೆಪ ಹೊಳೆಯಲಿಲ್ಲ. ಆ ಗೆರೆ ಹಿಡಿಯಲು ಕೊಡುತ್ತಿರಲಿಲ್ಲ, ನನ್ನನ್ನು ಸಾಕಿ ಬೆಳೆಸಿದ ಬಾದಾಮಿ ಕಲ್ಲಿನ ಜಾತಿಯೇ ಅಲ್ಲ ಅದು. ಕೊನೆಗೆ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಇದ್ದ ಬಲವೆಲ್ಲ ಹಾಕಿ ಎಳೆದೆ. ಸುರ್ರೆಂದು ಜಾರಿ ಬಿದ್ದೆ. ಎದ್ದು ನೋಡಿದರೆ ಗೆಳೆಯ ಬೆನ್ನು ತಿರುಗಿಸಿ ಬುತ್ತಿಚೀಲ ಕಟ್ಟುತ್ತಿದ್ದ.

“ಎಲ್ಲಿಗೆ ಹೊಂಟಿ?”

“ಮನಿಗೆ. ಸಾಕು ನಿನ್ನ ನಾಟಕ.”

“ಏನು ನಾಟಕಲೇ?”

“ನಾ ಬೇಜಾರ ಮಾಡ್ಕೋತೀನಿ ಅಂತ ಬೇಕಂತ ಬೀಳಾಕತ್ತೀದಿ. ನನಗೇನು ತಿಳ್ಯಂಗಿಲ್ಲಾ? ಹತ್ತು ಅಂದೆ, ಕನಿಕರ ಮಾಡು ಅಂದಿಲ್ಲ.”

“ಖರೇನ ಆಗವಲ್ದು ದೋಸ್ತ. ನಿನ್ನ ಆಣಿ.”

“ಕಾಲು ಮುರದೈತಿ ಅಂದಾಗೂ ನನ್ನ ಆಣಿನೇ ಮಾಡಿದ್ದಿ.”

ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ಜನ ನಂಬಿದ್ದರು, ಗಾದಿಯ ಅಳತೆ ಕೂಡ ಕೊಟ್ಟಿದ್ದರು. ಒಂದೇ ಒಂದು ನಿಜ ಹೇಳಲು ಹೋದರೆ ಈ ಮನುಷ್ಯ ಬುತ್ತಿಚೀಲ ಹೆಗಲಿಗೆ ಹಾಕುತ್ತಿದ್ದ. ಅವನ ಪ್ರಶ್ನೆಗೆ ಉತ್ತರ ನನ್ನ ಮೈಯಲ್ಲಿತ್ತು, ಹೊರಗೆ ತೆಗೆದು ತೋರಿಸುವುದು ಹೇಗೆ? ನಾಳೆ ಕಲ್ಲು ಇರುವುದಿಲ್ಲ. ನಾನು ಕನಿಕರಕ್ಕೆ ಬಿದ್ದೆ ಅಂತಲೇ ಅವನು ಉಳಿದ ಆಯುಷ್ಯವೆಲ್ಲ ತಿಳಿದುಕೊಂಡಿರುತ್ತಾನೆ.

ವೈನಿ ಇಷ್ಟು ಹೊತ್ತು ಕೈ ಎತ್ತಿ ನಿಂತವರು ಈಗ ನನ್ನ ಹತ್ತಿರ ಬಂದರು.

“ಅಣ್ಣಾರ, ಕೈ ತೋರ್ಸ್ರಿ ಇಲ್ಲಿ.”

ಪುಡಿಯನ್ನು ಸೆರಗಿನಿಂದ ಒರೆಸಿದರು. ಬಲಗೈಯ ನಡು ಮೂರು ಬೆರಳುಗಳ ತುದಿಯಲ್ಲಿ ತೊಗಲು ಕಿತ್ತು ಸುರುಳಿಯಾಗಿ ನಿಂತಿತ್ತು, ಕೆಳಗಿನ ಮಾಂಸ ಕೆಂಪಗೆ ಕಾಣುತ್ತಿತ್ತು. ನನಗೇ ಗೊತ್ತಾಗಿರಲಿಲ್ಲ. ವೈನಿ ನನ್ನ ಮಣಿಕಟ್ಟು ಹಿಡಿದು, ಶಾಲೆಯಲ್ಲಿ ತುಂಟನನ್ನು ಹೆಡ್‌ಮಾಸ್ಟರ ಮುಂದೆ ಎಳೆದೊಯ್ಯುವಂತೆ, ಗಂಡನ ಮುಂದೆ ನಿಲ್ಲಿಸಿದರು.

“ನೋಡ್ರಿ. ನಿಮ್ಮ ಬೆರಳಿಗೆ ಎಷ್ಟು ಸಲ ಪಟ್ಟಿ ಕಟ್ಟೀನಿ ನಾನು. ಬೇಕಂತ ಕೈ ಬಿಡೋವ್ರ ತೊಗಲ ಹೋಗಂಗಿಲ್ಲ. ಇವ್ರು ಕೈ ಬಿಟ್ಟಿಲ್ಲ, ಕಲ್ಲೇ ಇವ್ರನ್ನ ಕೆಳಗ ಒಗದೈತಿ.”

ಹತ್ತುವವರಿಗೆಲ್ಲ ಗೊತ್ತಿರುವ ಮಾತು ಇದು. ಬಿಡಬೇಕೆಂದು ಬಿಟ್ಟರೆ ಬೆರಳು ಸುಮ್ಮನೆ ಬಿಚ್ಚಿಕೊಳ್ಳುತ್ತದೆ. ಬಿಡಲಾರೆ ಅಂತ ಹಿಡಿದು ಜಾರಿದರೆ ಮಾತ್ರ ತೊಗಲು ಕಲ್ಲಿನಲ್ಲೇ ಉಳಿಯುತ್ತದೆ.

ಗೆಳೆಯ ಬುತ್ತಿಚೀಲ ಕೆಳಗಿಟ್ಟ. ನನ್ನ ಬೆರಳನ್ನು ಒಂದೊಂದಾಗಿ, ಲೇತಿನಿಂದ ತೆಗೆದ ತುಂಡು ಪರೀಕ್ಷಿಸುವಂತೆ, ಬೆಳಕಿಗೆ ಹಿಡಿದು ನೋಡಿದ. ಕಲ್ಲಿನ ಹತ್ತಿರ ಹೋಗಿ ಗೆರೆಯ ಕೆಳಗೆ ಅಂಟಿದ್ದ ಕೆಂಪು ಕಲೆಯನ್ನೂ ನೋಡಿದ. ಆಮೇಲೆ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಭುಜ ನೋಯುತ್ತದೆಂದು ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ನಕ್ಕ.

“ಸೀತಾಫಲ ತರಿಸ್ಲೇನು?”

“ಬ್ಯಾಡ.”

“ಒಂದು ಕೈ ಅಂದಿದ್ದಿಯಲ್ಲೋ. ನೀ ಎರಡೂ ಹಚ್ಚಿದಿ.”

“ಮೂರು ಇದ್ರ ಮೂರೂ ಹಚ್ಚತಿದ್ದೆ. ಕಠಿಣ ಐತಿ ಮಾರಾಯ. ಭಾಳ ಕಠಿಣ ಐತಿ.”

ಆ ಮಾತನ್ನು ನಾನು ಯಾವ ಕಲ್ಲಿನ ಬಗ್ಗೆಯೂ ಅದುವರೆಗೆ ಆಡಿರಲಿಲ್ಲ. ಅವನು ನಗು ನಿಲ್ಲಿಸಿದ. ಆಮೇಲೆ ಉಸ್ತಾದನಾದ. ನನ್ನ ಬೆರಳಿಗೆ ಪಟ್ಟಿ ಸುತ್ತಿ, ಎಡಗಾಲು ಎಲ್ಲಿಡಬೇಕು, ಸೊಂಟ ಎಷ್ಟು ತಿರುಗಿಸಬೇಕು ಅಂತ ಕೆಳಗಿನಿಂದ ಬೈಯುತ್ತಾ ಮತ್ತೆ ಮತ್ತೆ ಹತ್ತಿಸಿದ. ಬೈಗುಳಕ್ಕೆ ಯಾದಗಿರಿಯವರೂ ದನಿ ಸೇರಿಸಿದರು. ಅವನು ಹೇಳಿದಂತೆ ಮಾಡಿದರೆ ಒಂದು ಬೆರಳಿನಷ್ಟು ಮೇಲೆ ಹೋದೆ, ಅಷ್ಟೇ. ಕಡೆಗೆ ನೋಯುವ ಭುಜದಲ್ಲೇ ತಾನೂ ಒಮ್ಮೆ ಹತ್ತಿದ. ಈ ಸಲ ಕೆಳಗೆ ಕೈ ಎತ್ತಿ ನಿಂತವನು ನಾನು. ಅವನು ಅಲ್ಲೇ ಬಿದ್ದ, ನನ್ನ ಮೇಲೆಯೇ.

ಹೊರಡುವ ಮುಂಚೆ ಅವನು ಚೀಲದಿಂದ ಹಳೆಯ ಹಲ್ಲುಜ್ಜುವ ಬ್ರಶ್ಶು ತೆಗೆದು, ಕಲ್ಲಿಗೆ ಅಂಟಿದ್ದ ಬಿಳಿ ಪುಡಿಯನ್ನೆಲ್ಲ ಉಜ್ಜಿ, ನೀರು ಚಿಮುಕಿಸಿ ತೊಳೆದ. ಮೇಸ್ತ್ರಿಗೆ ಅದು ವಿಚಿತ್ರವೆನಿಸಿತು.

“ನಾಳೆ ಒಡೆಯೋ ಕಲ್ಲು ಯಾಕ ತೊಳಿಯಾಕತ್ತೀರಿ ಯಜಮಾನ್ರ?”

“ಮಣ್ಣಾಗ ಹೋಗೂದಾದ್ರೂ ಸ್ವಚ್ಛಾಗಿ ಹೋಗ್ಲಿ,” ಅಂದ.

“ಹೆಸರಾದ್ರೂ ಇಡೋಣೇನು?” ಅಂದೆ ನಾನು.

“ಹತ್ತಿದವರು ಇಡಬೇಕು. ಇಲ್ಲಿ ಯಾರು ಹತ್ಯಾರ?”

ಅವತ್ತು ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ನನಗೆ ಬೆರಳು ಬಗ್ಗಲಿಲ್ಲ. ಪಟ್ಟಿಯ ಒಳಗೆ ಪಲ್ಯದ ಖಾರ ಇಳಿದು ಕಣ್ಣಲ್ಲಿ ನೀರು ಬಂತು. ವೈನಿ ಚಮಚ ತರಲು ಎದ್ದರು. ಗೆಳೆಯ ಬೇಡವೆಂದು ತಾನೇ ರೊಟ್ಟಿ ಮುರಿದು, ಪಲ್ಯ ಸುತ್ತಿ, ನನ್ನ ಬಾಯಿಯ ಹತ್ತಿರ ಹಿಡಿದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಎಂದೂ ನೋಡಿರಲಿಲ್ಲ.

“ಇನ್ನೊಂದ ಸಲ ಹೇಳು,” ಅಂದ.

“ಏನ್ ಹೇಳ್ಲಿ?”

“ಕಲ್ಲು ಹೆಂಗಿತ್ತು?”

“ಕಠಿಣ ಇತ್ತು.”

ತುತ್ತು ಬಾಯಿಗಿಟ್ಟ. ಇನ್ನೊಂದನ್ನು ಮುರಿಯುತ್ತಾ, “ಜೋರಾಗಿ ಹೇಳು, ಅಕೀಗೂ ಕೇಳ್ಲಿ,” ಅಂದ.