ಕೀವಾಗದ ಗಾಯ

“ಅಕ್ಕಾ, ನೋಡಿಲ್ಲಿ, ಎಷ್ಟು ನೀಟಾಗಿದೆ!” ತಂಗಿ ಲೀಲಾ ಹೆಬ್ಬೆರಳನ್ನು ನನ್ನ ಕನ್ನಡಕದ ಮುಂದೆ ಹಿಡಿದಳು.

ಬೆನ್ಸನ್ ಟೌನ್‌ನ ನಮ್ಮ ಮನೆಯಂಗಳದ ಗುಲಾಬಿ ಮುಳ್ಳು ಚುಚ್ಚಿದ ಗಾಯ. ಕೆಂಪಿಲ್ಲ, ಊತವಿಲ್ಲ, ಒಂದು ಹನಿ ಕೀವಿಲ್ಲ. ಅವಳಿಗೆ ಕೀಮೋಥೆರಪಿ ನಡೆಯುತ್ತಿತ್ತು. (ಗಿಡ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದ್ದರು. ಲೀಲಾ ಯಾರ ಮಾತು ಕೇಳಿದ್ದಾಳೆ?)

“ಫುಲ್ ಮಾರ್ಕ್ಸ್ ಕಣೇ. ನಮ್ಮ ಸ್ಕೂಲಿನ ಸಿಸ್ಟರ್ ಇದ್ದಿದ್ರೆ ಸ್ಟಾರ್ ಅಂಟಿಸ್ತಿದ್ರು,” ಎಂದೆ.

ನಿಮಗೆ ಗೊತ್ತಲ್ಲ, ನಾವಿಬ್ಬರೂ ಕಾನ್ವೆಂಟಿನಲ್ಲಿ ಓದಿದವರು. ಬೆಳಗಿನ ಅಸೆಂಬ್ಲಿಯಲ್ಲಿ ಉಗುರು, ಕರ್ಚೀಫು, ಮೂಗು, ಎಲ್ಲದರ ಇನ್‌ಸ್ಪೆಕ್ಷನ್. ಸಿಂಬಳ ಸುರಿದರೆ ಲೈನಿನಿಂದ ಆಚೆ. ಮೊಣಕಾಲಿನ ಗಾಯ ಕೀವಾದರೆ ಸಾಕ್ಸ್ ಎಳೆದು ಮುಚ್ಚಿಕೊಳ್ಳುತ್ತಿದ್ದೆವು. ಮೈಯಿಂದ ಒಸರುವುದೆಲ್ಲ ಡರ್ಟಿ. ಆ ಪಾಠ ಈ ವಯಸ್ಸಿಗೂ ಬಿಟ್ಟುಹೋಗಿಲ್ಲ.

ಮರುದಿನ ಲೀಲಾಗೆ ನಡುಕ, ಜ್ವರ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ಭುಜಕ್ಕೆ ಒರಗಿದವಳ ಹಣೆ ಕಾದ ಬಾಣಲೆಯಂತಿತ್ತು.

“ಆದ್ರೆ ಡಾಕ್ಟರ್, ಗಾಯ ಪೂರ್ತಿ ಕ್ಲೀನಾಗಿದೆ. ಕೀವೇ ಆಗಿಲ್ಲ,” ಎಂದೆ, ಹೆಮ್ಮೆಯಿಂದಲೇ.

ಆ ಡಾಕ್ಟರ್ ಹುಡುಗಿ (ನನಗೆ ಮೊಮ್ಮಗಳಾಗುವ ವಯಸ್ಸು) ಬ್ಲಡ್ ರಿಪೋರ್ಟನ್ನು ನನ್ನ ಕಡೆ ತಿರುಗಿಸಿದಳು. “ಆಂಟಿ, ಕೀವಾಗೋಕೆ ಬಿಳಿ ಕಣ ಬೇಕಲ್ವಾ? ಕೀಮೋ ಕ್ಯಾನ್ಸರ್ ಜೊತೆ ಅವನ್ನೂ ಕೊಂದ್ಬಿಡುತ್ತೆ. ಇವರಲ್ಲಿ ಈಗ ಇಲ್ಲ ಅನ್ನೋಷ್ಟು ಕಮ್ಮಿ.”

ಹುಟ್ಟುವಾಗಲೇ ನಮ್ಮೊಳಗೆ ಕಾವಲು ಇರುತ್ತದಂತೆ. ಚರ್ಮ, ಕಣ್ಣೀರು, ಸಿಂಬಳ (ಹೌದು, ಅದೇ ಸಿಂಬಳ!) ಹೊರಗಿನ ಕಾಂಪೌಂಡು. ಮುಳ್ಳು ಅದನ್ನು ದಾಟಿತೋ, ಬಿಳಿ ಕಣಗಳು ಓಡಿಬರುತ್ತವೆ. ಬಂದ ರೋಗಾಣು ಹಿಂದೆ ಕಂಡದ್ದೋ ಹೊಸದೋ, ವಿಚಾರಿಸುತ್ತಾ ಕೂರುವುದಿಲ್ಲ. ನುಂಗುತ್ತವೆ, ಸಾಯುತ್ತವೆ. ಗಾಯ ಕೆಂಪಾಗುವುದು, ಊದುವುದು ಆ ಹೊಡೆದಾಟದಿಂದ. ಕೀವು ಎಂದರೆ ಅವುಗಳ ಹೆಣ.

ನಾವು ಸಂಭ್ರಮಪಟ್ಟ ಆ ನೀಟಾದ ಗಾಯ? ಅಲ್ಲಿಗೆ ಯಾರೂ ಬಂದೇ ಇರಲಿಲ್ಲ.

ಈಗ ಲೀಲಾ ಐಸೋಲೇಷನ್ ರೂಮಿನಲ್ಲಿ. ಶಿವಾಜಿನಗರದಿಂದ ಹೂವು ಒಯ್ದಿದ್ದೆ. ಅದನ್ನೂ ಒಳಗೆ ಬಿಡುವಂತಿಲ್ಲವಂತೆ. ಆ್ಯಂಟಿಬಯೋಟಿಕ್, ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್, ಎಲ್ಲ ನಡೆದಿದೆ. “ಕಾಯೋಣ ಆಂಟಿ,” ಎನ್ನುತ್ತಾಳೆ ಡಾಕ್ಟರ್. ದಿನವೂ ಗಾಜಿನಾಚೆಯಿಂದ ಲೀಲಾ ಹೆಬ್ಬೆರಳು ಎತ್ತಿ ತೋರಿಸುತ್ತಾಳೆ. ಅದು ಇನ್ನೂ ನೀಟಾಗಿಯೇ ಇದೆ.

ಕಾನ್ವೆಂಟ್ ಕಲಿಸಿದ ಪ್ರಾರ್ಥನೆಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ನನ್ನ ತಂಗಿಯ ಬೆರಳಿಗೆ ಒಂದು ಹನಿ ಕೀವು ಕೊಡು ಎಂದು ಬೇಡುವುದು ಯಾವ ಪ್ರಾರ್ಥನೆಯಲ್ಲಿದೆ?