ಮುಷ್ಟಿಯ ಮನೆಯ ಮೂರು ಹಲಗೆ

ಹೋರಾಟದ ದಿನಗಳಲ್ಲಿ ಅವನಿಗೆ ಮುಷ್ಟಿ ಎಂಬ ಹೆಸರು ಬಿದ್ದದ್ದು ಕ್ಯಾಮೆರಾದ ದೆಸೆಯಿಂದ. ಕ್ಯಾಮೆರಾ ಕಂಡರೆ ಅವನ ಕೈ ತಾನಾಗಿ ಮೇಲೇಳುತ್ತಿತ್ತು. ಲಾಠಿ ಕಂಡರೆ ಅದೇ ಕೈ ಜೇಬಿಗಿಳಿಯುತ್ತಿತ್ತು. ಎರಡನ್ನೂ ಕಣ್ಣಾರೆ ಕಂಡವರು ಅವನ ಜೊತೆಗಿದ್ದ ನಾವು.

ಅವನದು ಅಪ್ಪ ಬಿಟ್ಟುಹೋದ ಮನೆ. ಕೆಳಗೆ ಬಾಡಿಗೆ ಗೋದಾಮು, ನಡುವಿನ ಮಹಡಿಯಲ್ಲಿ ಮುಷ್ಟಿಯ ಸಂಸಾರ, ತುದಿಯ ಅಟ್ಟದಲ್ಲಿ ಹೊಲಿಗೆ ಮೆಷಿನ್ನಿನ ಜೊತೆ ಅವನ ಅಕ್ಕ. ಮೂರನ್ನೂ ಕೂಡಿಸುವುದು ಒಂದೇ ಹಳೇ ಮರದ ಮೆಟ್ಟಿಲು. ಇವನು ಘೋಷಣೆ ಕೂಗಿಕೊಂಡು ತಿರುಗಿದ ಅಷ್ಟೂ ವರ್ಷ ಮನೆಯ ಒಲೆ ಉರಿದದ್ದು ಆ ಮೆಷಿನ್ನಿನಿಂದ. ನಮ್ಮ ಬ್ಯಾನರುಗಳ ಅಂಚು ಹೊಲಿದವಳೂ ಅವಳೇ. ಈಗ ಅವಳ ಮಂಡಿ ಸವೆದಿದೆ. ಅಳತೆ ಕೊಡುವವರು ಮೆಟ್ಟಿಲು ಹತ್ತಿ ಬಂದರೆ ಅವಳ ಊಟ, ಬಾರದಿದ್ದರೆ ತಮ್ಮನ ಮುಖ ನೋಡಬೇಕು. ಆ ಮುಖ ನೋಡಿ ಹೊಟ್ಟೆ ತುಂಬಿದವರು ಯಾರೂ ಇಲ್ಲ.

ಯಾವುದೋ ಸಂಘದವರು ಹಳೇ ಹೋರಾಟಗಾರನನ್ನು ಮನೆಗೇ ಬಂದು ಸನ್ಮಾನಿಸುತ್ತೇವೆಂದರು. ಆಗ ಮುಷ್ಟಿಗೆ ಮೆಟ್ಟಿಲು ಕಣ್ಣಿಗೆ ಬಿತ್ತು. ಬೀದಿಯಿಂದ ಅವನ ಮಹಡಿಗೆ ಹತ್ತುವ ಸಾಲಿನಲ್ಲಿ ಮೂರು ಹಲಗೆ ಕುಸಿದಿದ್ದವು. ಬಡಗಿಯನ್ನು ಕರೆಸಿದ.

"ಮೂರೂ ಸತ್ತಿವೆ ಸಾರ್. ಒಳಗೆಲ್ಲ ಹುಳ ತಿಂದಿದೆ."

"ಮೇಲೊಂದು ಬಣ್ಣ ಹೊಡೆದ್ರೆ?"

"ಬಣ್ಣ ನೋಡಿ ಹುಳ ಹೆದರಲ್ಲ ಸಾರ್. ಹೊಸ ಮರ ಬೇಕು."

ಹೊಸ ಮರ ಎಂದದ್ದೇ ತಡ, ಮುಷ್ಟಿಯ ಮುಖ ಹುಳ್ಳಗಾಯಿತು. ಕಡಿಮೆ ಖರ್ಚಿನ ಉಪಾಯ ಅವನ ತಲೆಯಲ್ಲಿ ಸಿದ್ಧವಾಗಿತ್ತು. ಅಟ್ಟಕ್ಕೆ ಹತ್ತುವ ಸಾಲಿನ ಹಲಗೆಗಳು ಗಟ್ಟಿಯಾಗಿದ್ದವು. ಮೂರನ್ನು ಅಲ್ಲಿಂದ ಕಿತ್ತು ಇಲ್ಲಿಗೆ, ಇಲ್ಲಿನ ಹುಳುಕನ್ನು ಅಲ್ಲಿಗೆ.

"ಮೇಲೆ ಯಾರು ನೋಡ್ತಾರೆ?" ಎಂದ.

"ಅಕ್ಕೋರು ಓಡಾಡ್ತಾರಲ್ಲ?"

"ಅವಳು ಹಗುರ ಇದ್ದಾಳೆ ಬಿಡಯ್ಯ."

ಬಡಗಿ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡ. "ಮೂಳೆ ಮುರಿಯೋ ಕೆಲಸಕ್ಕೆ ನಾನು ಕೂಲಿ ತಗೊಳ್ಳಲ್ಲ ಸಾರ್" ಎಂದು ಇಳಿದುಹೋದ.

ಸಮಾನ ಹಂಚಿಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಮನುಷ್ಯ ತಾನೇ ಕುಕ್ಕರುಗಾಲಲ್ಲಿ ಕೂತು ಹಲಗೆ ಅದಲುಬದಲು ಮಾಡಿದ. ಹುಳುಕಿನ ತೂತುಗಳಿಗೆ ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ಮೆತ್ತಿದ. ಕೆಳಗಿನ ಸಾಲಿಗೆ ಮಾತ್ರ ಮುಖ ಕಾಣುವಂಥ ಪಾಲಿಶ್.

ಎರಡನೇ ದಿನ ಅಕ್ಕನ ಕಾಲು ಹಲಗೆಯೊಳಕ್ಕೆ ಹೋಯಿತು. ಪಕ್ಕದ ಕಂಬಿ ಹಿಡಿದಿದ್ದರಿಂದ ಉಳಿದಳು, ಮೊಣಕಾಲು ತರಚಿತು. ಸುದ್ದಿ ಹರಡಿ ಅಳತೆ ಕೊಡುವವರು ಬರುವುದು ನಿಂತಿತು. ಅವಳು ಕೂಗಾಡಲಿಲ್ಲ. ಬಡಗಿಗೆ ಹೇಳಿಕಳಿಸಿದಳು.

ಸನ್ಮಾನದ ದಿನ ಬೆಳಿಗ್ಗೆ ಬಡಗಿ ಮೆಟ್ಟಿಲ ಅಂಚಿನ ಮೇಲೆ ಕಾಲಿಟ್ಟು ಮೊದಲು ಮೆಷಿನ್ ಇಳಿಸಿದ, ಆಮೇಲೆ ಅಕ್ಕನನ್ನು. ಅವಳು ತಮ್ಮನ ಪಡಸಾಲೆಯ ನಟ್ಟನಡುವೆ, ಅವನು ಮುಷ್ಟಿ ಎತ್ತಿದ ದೊಡ್ಡ ಫೋಟೋದ ಕೆಳಗೆ ಕೂತು ದಾರ ಪೋಣಿಸತೊಡಗಿದಳು.

"ಏನಕ್ಕ ಇದು? ಜನ ಬರೋ ಹೊತ್ತು."

"ಬರಲಿ. ಜನ ಬರೋ ಕಡೆನೇ ಧರಣಿ ಕೂರಬೇಕು ಅಂತ ನೀನೇ ಹೇಳ್ತಿದ್ದೆ."

"ನಾಳೆನೇ ಹಲಗೆ ಹಾಕಿಸ್ತೀನಿ, ಏಳು."

"ಬಾಯಿಮಾತಿನ ಭರವಸೆಗೆ ಏಳಬಾರದು ಅಂತ ಹೇಳಿಕೊಟ್ಟೋನೂ ನೀನೇ."

ಅಷ್ಟರಲ್ಲಿ ಹೊಳೆಯುವ ಮೆಟ್ಟಿಲು ಹತ್ತಿ ಸಂಘದವರು ಬಂದೇಬಿಟ್ಟರು. ಮುಷ್ಟಿ ಒಂದು ಗಳಿಗೆ ತಡವರಿಸಿದ, ಅಷ್ಟೇ. "ದುಡಿಯುವ ಹೆಣ್ಣುಮಕ್ಕಳಿಗೆ ಅಂತ ನನ್ನ ಪಡಸಾಲೆಯನ್ನೇ ಬಿಟ್ಟುಕೊಟ್ಟಿದ್ದೀನಿ" ಎಂದ. ಅವರು ಚಪ್ಪಾಳೆ ತಟ್ಟಿದರು. ಇಂಥವರನ್ನು ನಂಬಿ ನಾವು ಬೀದಿಗಿಳಿದಿದ್ದೆವು.

"ಮೂರು ಹಲಗೆ" ಎಂದಳು ಅಕ್ಕ, ಮೆಷಿನ್ನಿನಿಂದ ತಲೆಯೆತ್ತದೆ.

"ಏನಂದ್ರಿ ಅಮ್ಮ?" ಎಂದರು ಸಂಘದ ಅಧ್ಯಕ್ಷರು.

ಅವಳು ಹೇಳಿದಳು. ಕಿತ್ತದ್ದು, ಮೆತ್ತಿದ್ದು, ಹಗುರ ಇದ್ದಾಳೆ ಎಂದದ್ದು, ಯಾವುದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಡಗಿ ಹೌದೆಂದು ತಲೆಯಾಡಿಸಿದ. ಫೋಟೋ ತೆಗೆಯುವವನು ಕ್ಯಾಮೆರಾ ಇಳಿಸಿದ. ಮುಷ್ಟಿಯ ಕೈ ಜೇಬಿಗೆ ಹೋಯಿತು.

ಒಂಬತ್ತು ದಿನ ಅವಳು ಪಡಸಾಲೆ ಬಿಟ್ಟು ಕದಲಲಿಲ್ಲ. ಗಿರಾಕಿಗಳೆಲ್ಲ ಅಲ್ಲಿಗೇ ಬಂದು ಸೋಫಾ ತುಂಬಾ ಬಟ್ಟೆ ಹರಡಿ ಅಳತೆ ಕೊಟ್ಟರು. ಹತ್ತನೇ ದಿನ ಹೊಸ ಮರ ಬಂತು. ಬಡಗಿ ಕೂರಿಸಿದ ಮೂರೂ ಹಲಗೆಯನ್ನು ಅವಳು ಒಂದೊಂದಾಗಿ ತುಳಿದು ನೋಡಿದಳು. ಮುಷ್ಟಿ ಬಣ್ಣದ ಡಬ್ಬಿ ಹಿಡಿದು ಬಂದ.

"ಬಣ್ಣ ಬೇಡ, ಮರ ಕಾಣ್ತಾ ಇರಲಿ" ಎಂದು ಅಟ್ಟಕ್ಕೆ ಹತ್ತಿದಳು.