ಮೊದಲ ಸಲದ ‘ಬೇಡ’

ನಮ್ಮಲ್ಲಿ ಊಟಕ್ಕೆ ಕೂತವರು ‘ಸಾಕು’ ಅಂದರೆ ಸಾಕು ಎಂದು ಅರ್ಥವಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದು, ‘ಅಯ್ಯೋ ಆಗಲ್ಲ, ಆಗಲ್ಲ’ ಎಂದು ತಲೆಯಾಡಿಸಿದ ಮೇಲೂ ಬೆರಳ ಸಂದಿಯಿಂದ ಪಾಯಸ ಇಳಿಯಬೇಕು. ಇಳಿಯದಿದ್ದರೆ ಬಡಿಸಿದವರ ಮನೆತನದ ಬಗ್ಗೆ ಮುಂದಿನ ಮದುವೆಯವರೆಗೂ ಮಾತು ನಡೆಯುತ್ತದೆ. ಬೆಂಗಳೂರಿನಲ್ಲಿ ಬೆಳೆಯುವಾಗ ಇದನ್ನು ಯಾರೂ ಕಲಿಸದೆ ಕಲಿತಿದ್ದೆ. ಸಿಯಾಟಲ್ ಕಡೆಗೆ ಬಂದು ವರ್ಷಗಳು ಕಳೆದಂತೆ ಅದನ್ನು ಮರೆತೂ ಇದ್ದೆ. ಮತ್ತೆ ನೆನಪಿಸಿದ್ದು ಅಲ್ಲಿಯ ಬಾಥೆಲ್ ಎಂಬ ಊರಿನ ಒಂದು ಹೊಲಿಗೆ ಶಾಲೆ.

ಶಾಲೆ ಎಂದರೆ ಸಮುದಾಯ ಭವನದ ಹಿಂದಿನ ಒಂದು ಕೋಣೆ. ಕೆಲವು ಹೊಲಿಗೆ ಮಷೀನು, ಒಂದು ಇಸ್ತ್ರಿ ಮೇಜು, ಗೋಡೆಗೆ ಒಂದು ದೊಡ್ಡ ಪರದೆ, ಅಷ್ಟೇ. ಯುದ್ಧ ನಡೆಯುವ ದೇಶಗಳಿಂದ ಓಡಿ ಬಂದವರು, ಜೈಲಿನಿಂದ ಹೊರಬಂದವರು, ಮಕ್ಕಳನ್ನು ಸಾಕುವುದರಲ್ಲೇ ವಯಸ್ಸು ಕಳೆದವರು, ಹೀಗೆ ಯಾರೂ ಬೇಗ ಕೆಲಸ ಕೊಡದಂಥವರು ಅಲ್ಲಿಗೆ ಬರುತ್ತಿದ್ದರು. ಹರಿದದ್ದನ್ನು ರಿಪೇರಿ ಮಾಡುವುದನ್ನು ಕಲಿಸಿ, ಆಮೇಲೆ ಎಲ್ಲಾದರೂ ಕೆಲಸಕ್ಕೆ ಸೇರಿಸುವುದು ಉದ್ದೇಶ. ಈ ಯೋಚನೆ ನಮ್ಮದಲ್ಲ, ಯುರೋಪಿನದು. ಪೋರ್ಚುಗಲ್, ಸ್ಲೊವೇನಿಯಾ ಮತ್ತು ಇಟಲಿಯ ದಕ್ಷಿಣದ ಒಂದೊಂದು ಊರಿನ ಇಂಥ ಶಾಲೆಗಳು ಸೇರಿಕೊಂಡು ಒಂದೇ ಯೋಜನೆ ಮಾಡಿಕೊಂಡಿದ್ದವು. ದೂರದ ನೆಂಟರಂತೆ ನಾವೂ ಅದಕ್ಕೆ ಸೇರಿದ್ದೆವು. ಒಂದು ಊರಿನಲ್ಲಿ ಫಲ ಕೊಟ್ಟ ಪದ್ಧತಿಯನ್ನು ಉಳಿದ ಊರಿನವರು ಧಾರಾಳವಾಗಿ ತೆಗೆದುಕೊಳ್ಳಬಹುದು ಎಂಬುದು ನಮ್ಮೊಳಗಿನ ಒಪ್ಪಂದ. ಪ್ರತಿ ಗುರುವಾರ ಎಲ್ಲರೂ ವಿಡಿಯೋ ಕರೆಯಲ್ಲಿ ಆ ಪರದೆಯ ಮೇಲೆ ಸೇರುತ್ತಿದ್ದೆವು. ನಮಗೆ ಬೆಳಗಿನ ಕಾಫಿಯ ಹೊತ್ತು, ಅವರಿಗೆ ಸಂಜೆ.

ಆ ಕರೆಗಳನ್ನು ನಡೆಸುವುದು, ಬಂದವರಿಗೆ ಸಂದರ್ಶನದ ಇಂಗ್ಲಿಷ್ ಕಲಿಸುವುದು ನನ್ನ ಪಾಲಿನ ಪುಕ್ಕಟೆ ಸೇವೆ. ಅದು ಮುಗಿಸಿ ರೆಡ್ಮಂಡ್‌ನ ಆಫೀಸಿಗೆ ಓಡುತ್ತಿದ್ದೆ. ನನ್ನ ಗಂಡನಿಗಂತೂ ಇದೊಂದು ದೊಡ್ಡ ತಮಾಷೆ. ‘ಮನೇಲಿ ಒಂದು ಗುಂಡಿ ಹಾಕಲ್ಲ, ಅಲ್ಲಿ ಹೋಗಿ ಹೊಲಿಗೆ ಸ್ಕೂಲ್ ನಡೆಸ್ತಾಳೆ’ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು.

ಚಳಿಗಾಲದ ಆರಂಭದಲ್ಲಿ ಪಕ್ಕದ ಊರು ವುಡಿನ್‌ವಿಲ್‌ನಿಂದ ಬಸ್ಸು ಹಿಡಿದು ಗದಗಿನ ಕಡೆಯ ಹೆಂಗಸೊಬ್ಬರು ಬಂದರು. ಗಂಡ ಎಂಜಿನಿಯರು, ಮಗಳು ಓದಲು ಬೇರೆ ಊರಿಗೆ ಹೋಗಿದ್ದಳು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನೇ ‘ಅಕ್ಕಾರ’ ಎನ್ನುತ್ತಿದ್ದರು. ನಾನು ಅವರನ್ನು ‘ಅಕ್ಕ’ ಎನ್ನುತ್ತಿದ್ದೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಕ್ಕಂದಿರಾದೆವು. ಕೆಲಸ ಯಾಕೆ ಬೇಕು ಎಂದು ಕೇಳುವುದು ಅಲ್ಲಿಯ ಕ್ರಮ, ಕೇಳಿದೆ.

‘ಗುಡಿಗೆ ಹೋದ್ರ ಎಲ್ಲಾರೂ ಕೇಳ್ತಾರ್ರಿ, ಯಜಮಾನ್ರು ಏನ್ ಮಾಡ್ತಾರ, ಮಗಳು ಏನ್ ಓದ್ತಾಳ ಅಂತ. ನೀವೇನ್ ಮಾಡ್ತೀರಿ ಅಂತ ಒಬ್ಬರೂ ಕೇಳಂಗಿಲ್ಲ. ಮುಂಜಾನೆ ಎದ್ದು ಹೋಗಾಕ ನನಗೂ ಒಂದು ಜಾಗಾ ಬೇಕ್ರಿ, ಅಕ್ಕಾರ.’

ಊರಿನಲ್ಲಿ ಕೈಯಲ್ಲೇ ಹಳೆ ಬಟ್ಟೆಯ ಕೌದಿ ಹೊಲಿದ ಅನುಭವವಿತ್ತು, ಕರೆಂಟಿನ ಮಷೀನು ಮುಟ್ಟಿದವರಲ್ಲ. ಮೊದಲ ದಿನ ಪೆಡಲ್ ಒತ್ತಿದಾಗ ಬಟ್ಟೆ ಸರ್ರನೆ ಓಡಿತು, ಇವರು ‘ಯವ್ವಾ!’ ಎಂದು ಎದ್ದು ನಿಂತರು. ಕೋಣೆಯೆಲ್ಲ ನಕ್ಕಿತು, ಅವರೂ ನಕ್ಕರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಮಳೆಯ ಜಾಕೆಟ್ಟಿನ ಜಿಪ್ ಬಿಚ್ಚಿ ಹೊಸದು ಕೂರಿಸುವುದು, ಹರಿದ ಟೆಂಟಿಗೆ ನೀರು ಸೋರದಂತೆ ತೇಪೆ ಹಾಕುವುದು ಅವರ ಕೈಗೆ ಚೆನ್ನಾಗಿ ಕೂತಿತ್ತು.

ಈ ಕಡೆ ಜನ ಮಳೆಯಲ್ಲೂ ಬೆಟ್ಟ ಹತ್ತುತ್ತಾರೆ, ಹಾಗಾಗಿ ಜಾಕೆಟ್ಟು, ಟೆಂಟು ರಿಪೇರಿಗೆ ಬರಗಾಲವಿಲ್ಲ. ರೆಡ್ಮಂಡ್‌ನಲ್ಲಿ ಅಂಥದೇ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಒಂದು ಗುರುವಾರ ನಮ್ಮಲ್ಲಿಗೆ ಬಂದಳು. ಅವಳಿಗೆ ಕೆಲಸಕ್ಕೆ ಒಬ್ಬರು ಬೇಕಿದ್ದರು. ಎಲ್ಲರ ಕೆಲಸ ನೋಡಿ, ಕಡೆಗೆ ಅಕ್ಕನ ಮಷೀನಿನ ಪಕ್ಕದಲ್ಲಿ ಬಹಳ ಹೊತ್ತು ನಿಂತಳು. ಕರೆಯ ಹೊತ್ತಿಗೆ ಕೈಕೊಟ್ಟ ಮೈಕನ್ನು ಸರಿ ಮಾಡಿಸಲು ನಾನು ಪಕ್ಕದ ಕೋಣೆಗೆ ಹೋಗಿದ್ದೆ. ಹಿಂದಿರುಗಿದಾಗ ಅವಳು ಸ್ವಲ್ಪ ಸಪ್ಪೆ ಮುಖ ಮಾಡಿಕೊಂಡು ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೊರಟಿದ್ದಳು. ಯಾರೂ ಹಿಡಿಸಲಿಲ್ಲವೇನೋ ಎಂದುಕೊಂಡೆ. ಆದರೆ ಅಕ್ಕನ ಮುಖ ಮಾತ್ರ ಹಬ್ಬದ ದಿನದಂತಿತ್ತು.

ಶನಿವಾರ ಹೋದಾಗ ಅಕ್ಕ ನನ್ನನ್ನು ಇಸ್ತ್ರಿ ಮೇಜಿನ ಹತ್ತಿರ ಕರೆದರು.

‘ಅಕ್ಕಾರ, ಅವರು ಇನ್ನೂ ಯಾಕ ಕೇಳವಲ್ರು?’

‘ಯಾರು? ಏನು ಕೇಳ್ಬೇಕು?’

‘ಅಂಗಡಿಯವರ್ರಿ. ಸೋಮವಾರದಿಂದ ಕೆಲಸಕ್ಕ ಬರ್ತೀರೇನು ಅಂತ ಕೇಳಿದ್ರು. ಬ್ಯಾಡ್ರಿ, ನನಗಿಂತ ಗರಜು ಇದ್ದವರಿಗೆ ಕೊಡ್ರಿ ಅಂದೆ.’

‘ಬೇಡ ಅಂದ್ರಾ? ಯಾಕಕ್ಕಾ?’

‘ಕೇಳಿದ ಕೂಡ್ಲೆ ಹೂಂ ಅನ್ನಾಕ ಆಗ್ತೈತೇನ್ರಿ? ಎಷ್ಟು ಆಸೆಬುರುಕಿ ಅಂದ್ಕೊಳ್ಳಂಗಿಲ್ಲೇನು? ಇನ್ನೊಂದ್ಸಲ ಕೇಳ್ತಾರ, ಆವಾಗ ಹೂಂ ಅಂದ್ರಾತು ಅಂತ ಕುಂತೀನಿ.’

ನನಗೆ ತಲೆ ಕೆಟ್ಟುಹೋಯಿತು. ಇಷ್ಟು ತಿಂಗಳು ನಾನು ಕಲಿಸಿದ ಸಂದರ್ಶನದ ಇಂಗ್ಲಿಷೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ‘ಅಕ್ಕಾ, ಇಲ್ಲಿ ಎರಡನೇ ಸಲ ಯಾರೂ ಕೇಳಲ್ಲ. ಬೇಡ ಅಂದ್ರೆ ಬೇಡ ಅಂತಾನೇ’ ಎಂದು ರೇಗಿಬಿಟ್ಟೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

‘ಹಂಗಾರ ಹೋತಲ್ರಿ’ ಎಂದರು. ನನ್ನ ಸಿಟ್ಟೆಲ್ಲ ಇಳಿಯಿತು. ನೀವೇ ಒಂದು ಕಾಲ್ ಮಾಡಿ ಬರ್ತೀನಿ ಅಂತ ಹೇಳಿ ಎಂದು ನಾನಂದರೆ, ‘ಬ್ಯಾಡ ಅಂದು ನಾನಾ ತಿರಗಿ ಕೇಳೂದೇನ್ರಿ? ಮಾನ ಹೋಗ್ತೈತಿ’ ಎಂದು ಕಣ್ಣು ಒರೆಸಿಕೊಂಡರು.

ಶಾಲೆಯನ್ನು ನೋಡಿಕೊಳ್ಳುತ್ತಿದ್ದವನು ಮೃದು ಮಾತಿನ, ನಿಯಮ ಅಂದರೆ ಪ್ರಾಣ ಬಿಡುವ ಅಮೆರಿಕನ್. ಅವನ ಹತ್ತಿರ ಹೋದೆ. ಯಾರಿಗೂ ಯಾವ ಕೆಲಸಕ್ಕೂ ಒತ್ತಾಯ ಮಾಡಬಾರದು ಎಂಬುದು ನಮ್ಮ ಮೊದಲ ನಿಯಮ, ಅವರು ಬೇಡ ಅಂದಿದ್ದಾರೆ, ಅದನ್ನು ಗೌರವಿಸಬೇಕು ಎಂದ. ಈ ಕೋಣೆಯಲ್ಲಿರುವ ಅರ್ಧ ಜನರ ಬದುಕನ್ನು ಇನ್ನೊಬ್ಬರೇ ತೀರ್ಮಾನ ಮಾಡಿದ್ದರು, ಇಲ್ಲಿಯೂ ಹಾಗಾಗಬಾರದು ಎಂದ. ತಪ್ಪು ಹೇಳುವವರ ಜೊತೆ ಜಗಳ ಆಡಬಹುದು, ಸರಿಯಾದದ್ದನ್ನೇ ಹೇಳುವವರ ಜೊತೆ ಏನು ಆಡುವುದು? ಅಂಗಡಿಯವಳು ಮುಂದಿನ ವಾರ ಬೇರೆ ಕಡೆ ಯಾರನ್ನಾದರೂ ನೋಡಿಕೊಳ್ಳುತ್ತಾಳೆ ಎಂಬುದನ್ನೂ ಅವನೇ ತಿಳಿಸಿದ.

ಗುರುವಾರದ ಕರೆಯಲ್ಲಿ ಬೇರೇನೋ ಮಾತಾಡಬೇಕಿತ್ತು. ನನಗೆ ತಡೆಯಲಾಗಲಿಲ್ಲ, ನಡುವೆ ಬಾಯಿ ಹಾಕಿ ಎಲ್ಲವನ್ನೂ ಹೇಳಿಬಿಟ್ಟೆ. ಇಟಲಿಯ ಶಾಲೆಯಲ್ಲಿ ಹೊಲಿಗೆ ಕಲಿಸುವ ಅಜ್ಜಿ, ಕನ್ನಡಕವನ್ನು ಯಾವಾಗಲೂ ಹಣೆಯ ಮೇಲೇ ಇಟ್ಟುಕೊಳ್ಳುವವಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತನ್ನೂರಿನಲ್ಲಿ ಯಾರ ಮನೆಯಲ್ಲಾದರೂ ಕಾಫಿ ಬೇಕೇ ಎಂದಾಗ ಮೊದಲ ಸಲಕ್ಕೇ ಹೂಂ ಅಂದುಬಿಟ್ಟರೆ, ಮನೆಗೆ ಬಂದ ಮೇಲೆ ಅಮ್ಮ ತೊಡೆ ಚಿವುಟುತ್ತಿದ್ದಳಂತೆ. ಗದಗ ಎಲ್ಲಿ, ಇಟಲಿ ಎಲ್ಲಿ! ನನಗೆ ಆ ಅಜ್ಜಿಯನ್ನು ಪರದೆಯೊಳಗೇ ತಬ್ಬಿಕೊಳ್ಳಬೇಕು ಅನ್ನಿಸಿತು.

ಆಮೇಲೆ ಅವಳು ನಗು ನಿಲ್ಲಿಸಿ ಕೆಲಸದ ಮಾತಿಗೆ ಬಂದಳು. ಅವರ ಶಾಲೆಯಲ್ಲಿ ಕೆಲಸ ಕೊಡುವವರು ಎರಡು ಬೇರೆ ಬೇರೆ ದಿನ ಕೇಳಬೇಕಂತೆ. ಮೊದಲ ದಿನದ ಉತ್ತರ ಲೆಕ್ಕಕ್ಕಿಲ್ಲ. ಬೇಡ ಅಂದವರನ್ನೂ ಇನ್ನೊಂದು ಸಲ ಕೇಳುತ್ತಾರೆ, ಹೂಂ ಅಂದವರನ್ನೂ ಕೇಳುತ್ತಾರೆ. ನನ್ನ ಪಕ್ಕದಲ್ಲಿದ್ದ ನಮ್ಮ ನಿಯಮದವನು ಮುಂದಕ್ಕೆ ಬಾಗಿ ಕೂತ. ಹೆದರಿಕೊಂಡು ಹೂಂ ಅಂದವರಿಗೂ ಇದರಿಂದ ಒಳ್ಳೆಯದು, ಇದರಲ್ಲಿ ಒತ್ತಾಯವೇನೂ ಇಲ್ಲ ಎಂದ. ಒಂದು ನಿಯಮವನ್ನು ಬಿಡಲು ಅವನಿಗೆ ಇನ್ನೊಂದು ನಿಯಮ ಸಿಕ್ಕಬೇಕಿತ್ತು, ಸಿಕ್ಕಿತು. ಕರೆ ಮುಗಿದ ಕೂಡಲೇ ಅಂಗಡಿಯವಳಿಗೆ ಫೋನ್ ಮಾಡಿದ.

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿದೆ. ಅಂಗಡಿಯವಳು ಬಂದು, ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತು, ನಮ್ಮ ಅಂಗಡಿಗೆ ಬರ್ತೀರಾ ಎಂದು ನಿಧಾನವಾಗಿ ಕೇಳಿದಳು. ಅಕ್ಕನ ಬಲಗೈ ಮೇಲೆದ್ದಿತು. ಎಲೆಗೆ ಅಡ್ಡ ಹಿಡಿಯುವ ಅದೇ ಕೈ. ನಮ್ಮಲ್ಲಿ ಕೆಲವರು ಮೂರನೇ ಸಲಕ್ಕೆ ಒಪ್ಪುವವರೂ ಇದ್ದಾರೆ ಎಂಬುದು ಆಗ ನೆನಪಾಯಿತು. ಆ ಕೈ ಕತ್ತಿನವರೆಗೆ ಹೋಗಿ, ಸ್ವೆಟರು ಸರಿಮಾಡಿ, ತೊಡೆಯ ಮೇಲೆ ಇಳಿಯಿತು.

‘ಯೆಸ್’ ಎಂದರು ಅಕ್ಕ. ‘ಐ ವಾಂಟ್.’

ಆಮೇಲೆ ನನ್ನ ಕಡೆ ತಿರುಗಿ, ‘ಬರೋಬ್ಬರಿ ಅಂದೆನಿಲ್ರಿ?’ ಎಂದು ಕೇಳಿದರು. ನನಗೆ ಅಳು ಬಂದಿತ್ತು, ತಲೆಯಾಡಿಸಿದೆ. ಅಂಗಡಿಯವಳಿಗೆ ಒಂದು ಪದವೂ ಅರ್ಥವಾಗದಿದ್ದರೂ ಅವಳೂ ತಲೆಯಾಡಿಸಿದಳು.

ಆ ಬೇಸಿಗೆಯಲ್ಲಿ ನನ್ನ ಜಾಕೆಟ್ಟಿನ ಜಿಪ್ ಕಿತ್ತುಹೋಯಿತು. ಇದೇ ನೆಪವೆಂದು ಅಂಗಡಿಗೆ ಹೋದೆ. ಅಕ್ಕ ಕಿಟಕಿಯ ಹತ್ತಿರ, ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಒಂದು ದೊಡ್ಡ ಟೆಂಟಿನ ನಡುವೆ ಕೂತಿದ್ದರು. ಗೋಡೆಯ ಗೂಟಕ್ಕೆ ಅವರದೇ ಏಪ್ರನ್ ತೂಗುತ್ತಿತ್ತು.

‘ಬರ್ರಿ ಅಕ್ಕಾರ, ಕುಂದರ್ರಿ. ಕಾಫಿ ಕುಡೀತೀರೇನು?’

‘ಬೇಡ ಅಕ್ಕಾ, ಯಾಕೆ ಸುಮ್ನೆ ತೊಂದ್ರೆ’ ಎಂದೆ.

‘ಹೌದಾ? ಆತು ಹಂಗಾರ’ ಎಂದು ಅವರು ಮಷೀನಿಗೆ ಬಾಗಿದರು. ಮೂಲೆಯಲ್ಲಿ ಕಾಫಿ ಘಮ್ಮೆನ್ನುತ್ತಿತ್ತು. ನಾನು ಕೂತೆ. ಒಂದು ಹೊಲಿಗೆ ಮುಗಿಯಿತು, ಇನ್ನೊಂದು ಶುರುವಾಯಿತು. ಕಾದೇ ಕಾದೆ.

‘ಅಕ್ಕಾ, ಇನ್ನೊಂದ್ಸಲ ಕೇಳಲ್ವಾ?’

ಅವರು ತಲೆ ಎತ್ತಲಿಲ್ಲ. ‘ಬೇಕಾದ್ರ ಅಲ್ಲೈತಿ ನೋಡ್ರಿ, ಹಾಕ್ಕೊಳ್ರಿ’ ಎಂದರು. ‘ನನಗ ಕೆಲಸ ಐತಿ.’